ಅಜ್ಜಿಯ ಸೋಬಾನೆ ಮತ್ತು ಮೂಡಿಬಂದ ಎರಡು ಹಲ್ಲುಗಳು

ನಮ್ಮ ಅಜ್ಜಿಯ ದನಿ ಉಳಿದಿರುವುದು ಎರಡೇ ಎರಡು ಕ್ಯಾಸೆಟ್ಟುಗಳಲ್ಲಿ. ಒಂದು, 1988ರ ಆಷಾಢದಲ್ಲಿ ಕೊಡಗಿನ ಶಾಂತಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಕೂತು ಅವರು ಹೇಳಿದ ಸೋಬಾನೆ ಪದಗಳನ್ನು ಚಿಕ್ಕಪ್ಪ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ 60 ನಿಮಿಷದ ಆಡಿಯೊ ಕ್ಯಾಸೆಟ್ಟು. ಇನ್ನೊಂದು, 1995ರಲ್ಲಿ ಸೋಮವಾರಪೇಟೆಯಲ್ಲಿ ನಡೆದ ಅಕ್ಕನ ಮದುವೆಯ ವಿಎಚ್‌ಎಸ್ ವೀಡಿಯೊ ಕ್ಯಾಸೆಟ್ಟು. ಮೂರು ಗಂಟೆಯ ಆ ವೀಡಿಯೊದಲ್ಲಿ ಅಜ್ಜಿ ಕಾಣಿಸಿಕೊಳ್ಳುವುದು ಹನ್ನೊಂದು ಸೆಕೆಂಡು ಮಾತ್ರ. ಅಕ್ಕನನ್ನು ಹಸೆಯ ಮೇಲೆ ಕೂರಿಸಿ ಹೆಂಗಸರು ಅರಿಸಿನ ಹಚ್ಚುತ್ತಿರುವಾಗ ಹಿಂದೆ ಗೋಡೆಗೊರಗಿ ಕೂತು ಹಾಡುತ್ತಿರುವ ಅವರತ್ತ ಕ್ಯಾಮೆರಾ ಒಮ್ಮೆ ತಿರುಗಿ, ಮತ್ತೆ ಮದುಮಗಳ ಕಡೆಗೆ ಹೊರಟುಹೋಗುತ್ತದೆ. ಮುಖ ಮರೆಯಾದರೂ ದನಿ ಇನ್ನೂ ಎರಡು ನಿಮಿಷ ಕೇಳಿಸುತ್ತದೆ. ಜಗುಲಿಯಲ್ಲಿ ಹೇಳಿದ ಪದವನ್ನೇ ಅವರು ಅಲ್ಲಿಯೂ ಹೇಳುತ್ತಿದ್ದಾರೆ.

ಅಜ್ಜಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳು ಇರಲಿಲ್ಲ. ನನಗೆ ತಿಳಿವು ಬರುವ ಮೊದಲೇ ಬಿದ್ದುಹೋಗಿದ್ದವು, ಅವರು ಕಟ್ಟಿಸಿಕೊಂಡಿರಲಿಲ್ಲ. ಆದ್ದರಿಂದ ‘ಸೋಬಾನೆ’ ಎಂದು ಪದ ಎತ್ತುವಾಗ ಮೊದಲ ಅಕ್ಷರದ ಬೆನ್ನಿಗೇ ಒಂದು ಸಣ್ಣ ಸಿಳ್ಳು ಹೊರಡುತ್ತಿತ್ತು. ಸೊಲ್ಲು ಹಿಡಿಯುವ ಹೆಂಗಸರಿಗೆ ಆ ಸಿಳ್ಳೇ ತಾಳದ ಗುರುತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಮುಂದೆ ಹೇಳುವುದೆಲ್ಲ ಈ ಹಲ್ಲಿನ ಸಂದಿಗೂ ಆ ಸಿಳ್ಳಿಗೂ ಸಂಬಂಧಪಟ್ಟದ್ದು.

ಎರಡು ವರ್ಷದ ಹಿಂದೆ ಎರಡೂ ಕ್ಯಾಸೆಟ್ಟುಗಳನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆ. ಆಗ ನನಗೆ ಏನೂ ತಿಳಿದಿರಲಿಲ್ಲ, ವಾರದೊಳಗೆ ಕೆಲಸ ಮುಗಿಸಿಕೊಟ್ಟರೆಂದು ಸಂತೋಷವೇ ಆಗಿತ್ತು. ಮನೆಗೆ ಬಂದು ಹಾಕಿ ನೋಡಿದರೆ, ಹಳೆಯ ಟಿವಿಯ ಚಿತ್ರವನ್ನು ಈಗಿನ ಅಗಲ ಪರದೆಗೆ ಎಳೆದು ತುಂಬಿಸಿದ್ದರಿಂದ ಮದುವೆ ಮನೆಯವರೆಲ್ಲ ಅಡ್ಡಡ್ಡ ಊದಿಕೊಂಡಿದ್ದರು, ಬಳೆ ತೊಟ್ಟ ಕೈ ಆಡಿದಲ್ಲೆಲ್ಲ ಒಂದರ ಮೇಲೊಂದು ಎರಡು ಕೈಗಳ ನೆರಳು ಕಾಣುತ್ತಿತ್ತು. ಹಾಡಿನ ಎಂಪಿ3 ಕಡತದಲ್ಲಿ ಗೊರಗೊರ ಸದ್ದು ಹೋಗಿತ್ತು, ಜೊತೆಗೆ ಅಜ್ಜಿಯ ದನಿಯ ಮುಕ್ಕಾಲು ಪಾಲೂ ಹೋಗಿ, ಯಾರೋ ಹಂಡೆಯೊಳಗೆ ಮುಖವಿಟ್ಟು ಹಾಡಿದಂತೆ ಕೇಳುತ್ತಿತ್ತು. ಎಲ್ಲಕ್ಕಿಂತ ನೋವಾದದ್ದು ಇನ್ನೊಂದಕ್ಕೆ. ವೀಡಿಯೊ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿದ್ದನ್ನು ನೋಡದೆ ಹಾಗೇ ಯಂತ್ರಕ್ಕೆ ಹಾಕಿ ಓಡಿಸಿದ್ದರಿಂದ, ಹಸೆಯ ಭಾಗದಲ್ಲಿಯೇ ಒಂದು ಕಡೆ ಟೇಪು ಮಡಚಿಕೊಂಡು ಸುಕ್ಕಾಗಿತ್ತು.

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನನ್ನ ಬೇಸರ ನೋಡಿ ಅವನು ಆ ಕಡತವನ್ನೇ ತೆಗೆದುಕೊಂಡುಹೋಗಿ, ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ದೊಡ್ಡದು ಮಾಡುವ ಒಂದು ತಂತ್ರಾಂಶದಲ್ಲಿ ರಾತ್ರಿಯಿಡೀ ಓಡಿಸಿ, ಮುಂದಿನ ಸಲ ಊರಿಗೆ ಬಂದಾಗ ಟಿವಿಗೆ ಹಾಕಿ ತೋರಿಸಿದ. “ಮಾವ, 4ಕೆ ಮಾಡಿದೀನಿ, ಎಷ್ಟು ಕ್ಲಿಯರ್ ಬಂದಿದೆ ನೋಡಿ” ಎಂದ. ನಿಜವಾಗಿಯೂ ಬೆರಗಾಗುವಂತಿತ್ತು. ಸೀರೆಯ ಅಂಚು, ತೋರಣದ ಮಾವಿನೆಲೆ, ಹೂವಿನ ಎಸಳು ಎಲ್ಲ ನಿನ್ನೆ ತೆಗೆದಂತೆ ಚೊಕ್ಕವಾಗಿದ್ದವು. ಹನ್ನೊಂದು ಸೆಕೆಂಡಿನ ಆ ಜಾಗ ಬಂತು. ಅಜ್ಜಿಯ ಮುಖ ನುಣುಪಾಗಿತ್ತು, ಹಣೆಯ ಸುಕ್ಕು ಅರ್ಧ ಮಾಯವಾಗಿತ್ತು. ಹಾಡಲು ಬಾಯಿ ತೆರೆದರೆ ಒಳಗೆ ತುಂಬು ಹಲ್ಲಿನ ಸಾಲು! ಅಮ್ಮ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. “ಇದ್ಯಾರು ಮಗಾ? ನಮ್ಮತ್ತೆ ಹಲ್ಲು ಕಟ್ಟಿಸ್ಕೊಂಡೇ ಇರ್ಲಿಲ್ವಲ್ಲ” ಎಂದರು. ಹುಡುಗನ ಮುಖ ಸಣ್ಣದಾಯಿತು. ಅವನು ಪ್ರೀತಿಯಿಂದಲೇ ಮಾಡಿದ್ದ ಕೆಲಸ ಅದು.

ಆ ಹಲ್ಲುಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದುಕೊಳ್ಳಲು ಹೊರಟಾಗಲೇ ನನಗೆ ರೀಮಾಸ್ಟರಿಂಗ್ ಮತ್ತು ಅಪ್‌ಸ್ಕೇಲಿಂಗ್ ಎಂಬ ಎರಡು ಮಾತುಗಳ ನಡುವಿನ ಅಂತರ ಮನಸ್ಸಿಗೆ ಇಳಿದದ್ದು. ಕೃತಕ ಬುದ್ಧಿಮತ್ತೆಯಿಂದ ಅಪ್‌ಸ್ಕೇಲ್ ಮಾಡುವ, ಅಂದರೆ ಚಿತ್ರವನ್ನು ಹಿಗ್ಗಿಸುವ ಯಂತ್ರ ಲಕ್ಷಗಟ್ಟಲೆ ಬೇರೆ ಚಿತ್ರಗಳನ್ನು ನೋಡಿ ಕಲಿತಿರುತ್ತದೆ. ಮಸುಕಾದ ಬಾಯೊಂದನ್ನು ಮುಂದಿಟ್ಟರೆ, ಇಂಥ ಬಾಯಿಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನು ಅಲ್ಲಿ ಬರೆಯುತ್ತದೆ. ಸಾಮಾನ್ಯವಾಗಿ ಬಾಯಲ್ಲಿ ಹಲ್ಲಿರುತ್ತವೆ, ಆದ್ದರಿಂದ ಅಜ್ಜಿಗೂ ಬಂದವು. ರೀಮಾಸ್ಟರಿಂಗ್ ಎಂದರೆ ಇದಕ್ಕೆ ಎದುರು ದಿಕ್ಕಿನ ನಡಿಗೆ. ನಕಲಿನ ನಕಲನ್ನು ಬಿಟ್ಟು ಮೂಲ ಟೇಪಿನ ಬಳಿಗೇ ಹಿಂದಿರುಗಿ, ಅದರಲ್ಲಿ ನಿಜವಾಗಿ ಏನು ದಾಖಲಾಗಿದೆಯೋ ಅದಷ್ಟನ್ನೂ ಸೋರಿಹೋಗದಂತೆ ಹೊರತೆಗೆದು, ಕಾಲ ಮತ್ತು ಯಂತ್ರದ ದೋಷಗಳನ್ನು ಮಾತ್ರ ಸರಿಪಡಿಸುವುದು. ಹುಡುಗ ದೊಡ್ಡದು ಮಾಡಿದ್ದು ಅಂಗಡಿಯ ಕೆಟ್ಟ ನಕಲನ್ನು. ಮೂಲ ಟೇಪಿನಲ್ಲಿ ಅದಕ್ಕಿಂತ ಹೆಚ್ಚೇನಾದರೂ ಉಳಿದಿದೆಯೇ ಎಂಬುದನ್ನು ನಾವು ಯಾರೂ ನೋಡಿಯೇ ಇರಲಿಲ್ಲ.

ಪರಿಚಿತರೊಬ್ಬರ ಮೂಲಕ ಮೈಸೂರಿನಲ್ಲಿ ಒಬ್ಬ ಹಿರಿಯ ತಂತ್ರಜ್ಞರು ಸಿಕ್ಕಿದರು. ಒಂದು ಕಾಲಕ್ಕೆ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದವರು, ಈಗ ಮನೆಯ ಒಂದು ಕೋಣೆಯಲ್ಲಿ ಹಳೆಯ ಯಂತ್ರಗಳನ್ನು ಚಾಲೂ ಸ್ಥಿತಿಯಲ್ಲಿಟ್ಟುಕೊಂಡು ಇಂಥ ಕೆಲಸ ಮಾಡುತ್ತಾರೆ. ಜಗತ್ತಿನಲ್ಲಿ ಕಟ್ಟಕಡೆಗೆ ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ತಯಾರಿಕೆ ನಿಲ್ಲಿಸಿತು, ಹಾಗಾಗಿ ಇವರು ಒಂದು ಯಂತ್ರ ಉಳಿಸಿಕೊಳ್ಳಲು ನಾಲ್ಕು ಯಂತ್ರ ಬಿಚ್ಚಬೇಕಾಗುತ್ತದೆ. ನಾನು ಫೋನು ಮಾಡಿದಾಗ ಸೆಪ್ಟೆಂಬರ್ ತಿಂಗಳು. ಶಾಂತಳ್ಳಿಯ ಮಳೆಯ ಬಗ್ಗೆ ಕೇಳಿದವರೇ, “ಈಗ ತರಬೇಡಿ ಮೇಷ್ಟ್ರೇ, ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ. ಸಂಕ್ರಾಂತಿ ಕಳೆದ ಮೇಲೆ ನೋಡೋಣ, ಒದ್ದೆ ಬೂಷ್ಟನ್ನು ಒರೆಸಿದರೆ ಹರಡುತ್ತೆ, ಒಣಗಿದ್ದು ಉದುರುತ್ತೆ” ಎಂದರು. ಪುಷ್ಪಗಿರಿಯ ಬುಡದ ನಮ್ಮೂರಲ್ಲಿ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ವೀಡಿಯೊ ಕ್ಯಾಸೆಟ್ಟು ಇದ್ದದ್ದು ಅಂಥ ಗೋಡೆ ಬೀರುವಿನಲ್ಲಿಯೇ. ಆಡಿಯೊ ಕ್ಯಾಸೆಟ್ಟನ್ನು ಮಾತ್ರ ಅಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರು, ಅದಕ್ಕೆ ಬೂಷ್ಟು ಸೋಕಿರಲಿಲ್ಲ. ಆದರೆ ಅಲ್ಲಿಯ ಕಾವಿಗೆ ಬೇರೆಯದೇ ಬೆಲೆ ತೆರಬೇಕಾಗಿತ್ತು. ಸುರುಳಿಯ ಒಂದು ಸುತ್ತಿನ ಕಾಂತಗುರುತು ಪಕ್ಕದ ಸುತ್ತಿಗೆ ಅಂಟಿಕೊಂಡು, ಪದ ಎತ್ತುವ ಮೊದಲೇ ಅದರ ತೆಳುವಾದ ಛಾಯೆಯೊಂದು ಕೇಳಿಸುವಂತಾಗಿತ್ತು. ಬಿಸಿ ಹೆಚ್ಚಿದಷ್ಟೂ ಈ ಅಂಟು ಹೆಚ್ಚು.

ಫೆಬ್ರವರಿಯಲ್ಲಿ ಮೂರು ದಿನ ಅವರ ಜೊತೆಯಲ್ಲಿಯೇ ಕೂತೆ. ವೀಡಿಯೊ ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಸುರುಳಿಯನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತ, ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸುವೇ ತಾಗಿಸಿ ಟೇಪನ್ನು ಒರೆಸುವುದಕ್ಕೆ ಒಂದಿಡೀ ದಿನ ಹಿಡಿಯಿತು. ಆಡಿಯೊ ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ (ಟೇಪಿನಿಂದ ಸದ್ದನ್ನು ಓದುವ ಭಾಗಕ್ಕೆ) ಒತ್ತಿಹಿಡಿಯುವ ಸಣ್ಣ ಮೆತ್ತೆ ಅಂಟು ಬಿಟ್ಟು ಉದುರಿಹೋಗಿತ್ತು, ಅದರ ಸುರುಳಿಗಳನ್ನು ತೆಗೆದು ಹೊಸ ಚಿಪ್ಪಿಗೆ ಕೂರಿಸಿದರು. ಅಂಗಡಿಯವರು ಆ ಮೆತ್ತೆಯಿಲ್ಲದೆಯೇ ನುಡಿಸಿದ್ದರೆಂಬುದು ಆಗ ಗೊತ್ತಾಯಿತು.

ಇನ್ನು ಅಜಿಮತ್ ಸ್ಕ್ರೂವಿನ, ಅಂದರೆ ಹೆಡ್ಡಿನ ಓರೆಯನ್ನು ಹೊಂದಿಸುವ ಸ್ಕ್ರೂವಿನ ವಿಷಯ. ಇದನ್ನು ನಾನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಡೀ ಕೆಲಸದಲ್ಲಿ ನನ್ನ ಎದೆ ತುಂಬಿಬಂದ ಗಳಿಗೆ ಅದು. ಟೇಪ್ ರೆಕಾರ್ಡರಿನ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಕಿರಿದಾದ ಒಂದು ಸೀಳಿರುತ್ತದೆ, ಅದು ಟೇಪು ಓಡುವ ದಿಕ್ಕಿಗೆ ಸರಿಯಾಗಿ ಲಂಬವಾಗಿರಬೇಕು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವುದರಿಂದ, 10,000 ಹರ್ಟ್ಸಿನ, ಅಂದರೆ ಸೆಕೆಂಡಿಗೆ ಹತ್ತು ಸಾವಿರ ಸಲ ಕಂಪಿಸುವ ಸದ್ದಿನ ಒಂದು ಅಲೆ ಟೇಪಿನ ಮೇಲೆ 4.76 ಮೈಕ್ರಾನ್ ಉದ್ದವಿರುತ್ತದೆ, ಅಂದರೆ ತಲೆಗೂದಲ ದಪ್ಪದ ಹತ್ತನೇ ಒಂದು ಪಾಲೂ ಇಲ್ಲ. ಚಿಕ್ಕಪ್ಪನ ರೆಕಾರ್ಡರಿನ ಹೆಡ್ಡು ಕೂದಲೆಳೆಯಷ್ಟು ವಾರೆಯಾಗಿದ್ದಿರಬೇಕು. ನೇರವಾಗಿರುವ ಹೆಡ್ಡಿನಲ್ಲಿ ಅದನ್ನು ನುಡಿಸಿದರೆ ಇಷ್ಟು ಸಣ್ಣ ಅಲೆಗಳು ಒಂದನ್ನೊಂದು ಅಳಿಸಿಕೊಂಡು, ದನಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಇದಕ್ಕೆ ಮದ್ದೆಂದರೆ, ನುಡಿಸುವ ಹೆಡ್ಡನ್ನೂ ಅಷ್ಟೇ ವಾರೆ ಮಾಡುವುದು. ಅವರು ಎರಡೂ ಚಾನೆಲ್ಲುಗಳನ್ನು ಒಂದಾಗಿ ಕೂಡಿಸಿ, ಹೆಡ್‌ಫೋನನ್ನು ನನಗೆ ಕೊಟ್ಟು, ಚಿಕ್ಕ ಸ್ಕ್ರೂಡ್ರೈವರಿನಿಂದ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಗಡಿಯಾರದ ಮುಳ್ಳು ಸರಿದಷ್ಟೇ ಮೆಲ್ಲಗೆ ತಿರುಗಿಸತೊಡಗಿದರು. ಮೊದಲು ಹೆಂಚಿನ ಮೇಲಿನ ಮಳೆ ಬಿಡಿಬಿಡಿಯಾಯಿತು. ಇನ್ನೊಂದಿಷ್ಟು ತಿರುಗಿಸಿದಾಗ ಯಾರೋ ಕೆಮ್ಮಿದ್ದು, ಬಳೆ ಸರಿದದ್ದು ಕೇಳಿಸಿತು. ಆಮೇಲೆ ಅಜ್ಜಿ ಪದ ಎತ್ತಿದರು, ‘ಸೋ’ ಎಂಬುದರ ಬೆನ್ನಿಗೇ ಆ ಸಿಳ್ಳು ಬಂತು. ಮೂವತ್ತು ವರ್ಷಗಳಿಂದ ನಾನು ಅದನ್ನು ಕೇಳಿರಲಿಲ್ಲ. ಇದು ಯಾವ ತಂತ್ರಾಂಶವೂ ಸೇರಿಸಿದ್ದಲ್ಲ, ಅಟ್ಟದ ಮೇಲಿನ ಡಬ್ಬಿಯಲ್ಲಿ ಅಷ್ಟು ಕಾಲವೂ ಇದ್ದದ್ದು.

ಅದನ್ನು 96 ಕಿಲೋಹರ್ಟ್ಸ್, 24 ಬಿಟ್ ಲೆಕ್ಕದಲ್ಲಿ, ಅಂದರೆ ಸದ್ದನ್ನು ಸೆಕೆಂಡಿಗೆ 96,000 ಸಲ ಸೂಕ್ಷ್ಮವಾಗಿ ಅಳೆಯುತ್ತ, ಯಾವ ತಿದ್ದುಪಡಿಯೂ ಇಲ್ಲದೆ ಮೊದಲು ದಾಖಲಿಸಿಟ್ಟುಕೊಂಡು, ತಿದ್ದುವ ಕೆಲಸವನ್ನೆಲ್ಲ ಅದರ ಪ್ರತಿಯ ಮೇಲೆ ಮಾಡಿದೆವು. ಮೊದಲ ತೊಡಕು ಬಂದದ್ದು ವೇಗದ್ದು. ರೆಕಾರ್ಡರ್ ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದ ಯಂತ್ರದಲ್ಲಿ ಅಜ್ಜಿಯ ದನಿ ಎಳೆಯ ಹುಡುಗಿಯದರಂತೆ ಏರಿತ್ತು. ಮೊದಲರ್ಧವನ್ನು ಕರೆಂಟಿನಲ್ಲಿ ಹಿಡಿದಿದ್ದರಿಂದ ಕರೆಂಟಿನ ಗುಂಯ್‌ಗುಡುವಿಕೆ ಟೇಪಿನಲ್ಲಿತ್ತು. ಅಳೆದರೆ 51.4 ಹರ್ಟ್ಸ್ ಬಂತು. ನಮ್ಮ ದೇಶದ ಕರೆಂಟು 50 ಹರ್ಟ್ಸಿನದ್ದಾದ್ದರಿಂದ ಅಷ್ಟಕ್ಕೆ ಇಳಿಸಿದರಾಯಿತು ಎಂದುಕೊಂಡೆ. ಅವರು ತಲೆಯಾಡಿಸಿದರು. ಆ ಕಾಲದಲ್ಲಿ ದಕ್ಷಿಣದ ವಿದ್ಯುತ್ ಜಾಲ 50ರಲ್ಲಿ ನಿಲ್ಲುತ್ತಲೇ ಇರಲಿಲ್ಲ, ಬೇಡಿಕೆ ಹೆಚ್ಚಾದಾಗ 48ರ ಆಸುಪಾಸಿಗೂ ಇಳಿಯುತ್ತಿತ್ತು. ಆದ್ದರಿಂದ ಅದೊಂದನ್ನೇ ಅಳತೆಗೋಲು ಮಾಡಿಕೊಳ್ಳುವಂತಿರಲಿಲ್ಲ. ಸಾಲದ್ದಕ್ಕೆ ನಡುವೆ ಕರೆಂಟು ಹೋಗಿ ಚಿಕ್ಕಪ್ಪ ಬ್ಯಾಟರಿಗೆ ಬದಲಾಯಿಸಿದ್ದರು, ಬ್ಯಾಟರಿ ಸೊರಗಿದಂತೆಲ್ಲ ಎರಡನೆಯ ಮಗ್ಗುಲಿನಲ್ಲಿ ದನಿ ಏರುತ್ತಲೇ ಹೋಗಿತ್ತು. ಕೊನೆಗೆ ಮೂರು ಬೇರೆ ಬೇರೆ ವೇಗದ ತುಣುಕುಗಳನ್ನು ಮಾಡಿ, ಯಾವುದು ಯಾವುದೆಂದು ಹೇಳದೆ ಊರಿಗೆ ಕಳಿಸಿದೆವು. ಅಮ್ಮನೂ ಚಿಕ್ಕಮ್ಮನೂ ಬೇರೆ ಬೇರೆ ಕೂತು ಕೇಳಿ ಒಂದನ್ನೇ ಆರಿಸಿದರು. ಅದು 50ಕ್ಕಿಂತ ತುಸು ಕೆಳಗಿನದು. ಅಳತೆಯ ಜೊತೆಗೆ ಕಿವಿಯ ನೆನಪನ್ನೂ ನಂಬಬೇಕಾಗಿ ಬಂದ ಈ ನಿರ್ಧಾರವನ್ನು ಕಡತದ ಜೊತೆಯ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದೇನೆ.

ಎರಡನೆಯದು ಮಳೆ. ಸದ್ದಡಗಿಸುವ ತಂತ್ರಾಂಶಕ್ಕೆ ಮಳೆಯನ್ನು ತೋರಿಸಿ ತೆಗೆ ಎಂದರೆ ಅದು ತೆಗೆಯುತ್ತದೆ, ಆದರೆ ಹೆಂಚಿನ ಮೇಲೆ ಬೀಳುವ ಮಳೆಯೂ ಅಜ್ಜಿಯ ಸಕಾರ, ಶಕಾರಗಳೂ ಒಂದೇ ಎತ್ತರದ ಸದ್ದಿನಲ್ಲಿರುವುದರಿಂದ ಎರಡನ್ನೂ ಕೂಡಿಯೇ ತೆಗೆಯುತ್ತದೆ. ಅಂಗಡಿಯವರ ಕಡತ ಹಂಡೆಯೊಳಗಿನ ದನಿಯಂತಾದದ್ದು ಹೀಗೆ. ನಾವು ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಬಿಡಿ ಚಟಪಟಗಳನ್ನೂ ತೆಗೆದೆವು, ಟೇಪಿನದೇ ಆದ ಸುಯ್‌ಗುಡುವಿಕೆಯನ್ನು ಸ್ವಲ್ಪ ತಗ್ಗಿಸಿದೆವು, ಮಳೆಯನ್ನು ಮುಟ್ಟಲಿಲ್ಲ. ಆಷಾಢದಲ್ಲಿ ಶಾಂತಳ್ಳಿಯ ಜಗುಲಿಯಲ್ಲಿ ಮಳೆಯ ಸದ್ದಿಲ್ಲದೆ ಯಾರು ಹಾಡಲು ಸಾಧ್ಯ? ಅದು ಆ ದಿನದ ದಾಖಲೆಯ ಭಾಗ, ದೋಷವಲ್ಲ.

ವೀಡಿಯೊದ ಕೆಲಸ ಇಷ್ಟು ಹೃದಯಕ್ಕೆ ಹತ್ತಿರವಾಗಲಿಲ್ಲ, ಆದರೆ ಫಲ ಅಲ್ಲಿಯೂ ದೊಡ್ಡದೇ. ಪ್ರತಿ ಗೆರೆಯ ಕಾಲವನ್ನು ಸರಿಹೊಂದಿಸುವ ಟೈಂ ಬೇಸ್ ಕರೆಕ್ಟರ್ ಇರುವ ಯಂತ್ರದಲ್ಲಿ ನುಡಿಸಿದಾಗ ನೆಟ್ಟಗಿನ ಬಾಗಿಲುವಾಡ ನೆಟ್ಟಗೆ ನಿಂತಿತು, ಮೊದಲು ಅದು ನೀರಿನಲ್ಲಿ ಕಂಡಂತೆ ತೂಗಾಡುತ್ತಿತ್ತು. ನಮ್ಮ ಹಳೆಯ ಟಿವಿಗಳ ಪಾಲ್ (PAL) ಪದ್ಧತಿಯಲ್ಲಿ ಚಿತ್ರವೊಂದಕ್ಕೆ ಮೇಲಿಂದ ಕೆಳಗೆ 576 ಗೆರೆಗಳು, ಅವನ್ನು ಸಮ ಮತ್ತು ಬೆಸ ಗೆರೆಗಳ ಎರಡು ಪಾಲು ಮಾಡಿ ಸೆಕೆಂಡಿಗೆ 50 ಸಲ ಹಿಡಿದಿರುತ್ತಾರೆ. ಒಂದು ಪಾಲಿಗೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ಬಳೆ ತೊಟ್ಟ ಕೈ ಮುಂದೆ ಸರಿದಿರುತ್ತದೆ. ಎರಡನ್ನೂ ಕಲಸಿಬಿಟ್ಟಿದ್ದರಿಂದ ಅಂಗಡಿಯ ಕಡತದಲ್ಲಿ ಎರಡು ಕೈಗಳು ಕಂಡಿದ್ದವು. ನಾವು ಮೂಲವನ್ನು 720 ಅಡ್ಡ 576 ಚುಕ್ಕೆಗಳಲ್ಲಿ, ಏನೂ ನಷ್ಟವಾಗದ ಎಫ್‌ಎಫ್‌ವಿ1 ರೂಪದಲ್ಲಿ ಇಳಿಸಿಕೊಂಡೆವು. ಗಂಟೆಗೆ ಸುಮಾರು 30 ಜಿಬಿ ಜಾಗ ಹಿಡಿಯಿತು. ಆಮೇಲೆ ಪ್ರತಿಯ ಮೇಲೆ ಎರಡು ಪಾಲುಗಳನ್ನು ಬಿಡಿಸಿ ಸೆಕೆಂಡಿಗೆ 50 ಪೂರ್ಣ ಚಿತ್ರಗಳನ್ನಾಗಿ ಮಾಡಿದಾಗ ಅರಿಸಿನ ಹಚ್ಚುವ ಕೈಗಳು ಜೀವಂತವಾಗಿ ಆಡತೊಡಗಿದವು. ಸೀರೆಯ ಕೆಂಪು ಪಕ್ಕಕ್ಕೆ ಸೋರಿದ್ದನ್ನು ಸರಿಸಿ ಸೀರೆಯ ಮೇಲೆಯೇ ಕೂರಿಸಿದೆವು. ವೀಡಿಯೊ ದೀಪದ ಹಳದಿಯನ್ನು ಅಜ್ಜನ ಬಿಳಿ ಪಂಚೆ ಬಿಳಿಯಾಗಿ ಕಾಣುವಷ್ಟಕ್ಕೆ ತಗ್ಗಿಸಿದೆವು, ಅರಿಸಿನದ ಹಳದಿ ಸೊರಗುತ್ತಿದೆ ಎನ್ನಿಸಿದ ಕೂಡಲೇ ನಿಲ್ಲಿಸಿದೆವು.

ಇದನ್ನು ಮನೆಯಲ್ಲಿ ತೋರಿಸಿದ ದಿನ ಭಾವ ಒಂದು ನ್ಯಾಯವಾದ ಪ್ರಶ್ನೆ ಕೇಳಿದರು. “ಅಷ್ಟು ಹಳೇ ಸಿನಿಮಾಗಳೇ 4ಕೆ ಆಗಿ ಬರ್ತಾವೆ, ನಮ್ಮ ಮದುವೆದು ಯಾಕೆ ಆಗಲ್ಲ?” ಸಿನಿಮಾ ತೆಗೆದದ್ದು 35 ಮಿಲಿಮೀಟರ್ ಫಿಲ್ಮಿನಲ್ಲಿ. ಅದರ ಮೂಲ ನೆಗೆಟಿವ್‌ನಲ್ಲಿ ಹಳೆಯ ಟಿವಿ ಎಂದೂ ತೋರಿಸಲಾಗದಿದ್ದಷ್ಟು ವಿವರ ನಿಜವಾಗಿಯೂ ಅಡಗಿರುತ್ತದೆ, ಹೊಸದಾಗಿ ಸ್ಕ್ಯಾನ್ ಮಾಡಿದಾಗ ಅದು ಹೊರಬರುತ್ತದೆ. ವಿಎಚ್‌ಎಸ್ ಟೇಪಿನಲ್ಲಿ ಅಡ್ಡಕ್ಕೆ ಗುರುತಿಸಬಹುದಾದ ವಿವರ ಸುಮಾರು 240 ಗೆರೆಗಳಷ್ಟೇ, ಬಣ್ಣದ ವಿವರವಂತೂ ಅದಕ್ಕಿಂತ ಎಷ್ಟೋ ಕಡಿಮೆ. ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. 720ನ್ನು 576ರಿಂದ ಗುಣಿಸಿದರೆ 4,14,720 ಚುಕ್ಕೆಗಳು. ಅದೇ ಚೌಕಟ್ಟನ್ನು 4ಕೆ ಎತ್ತರಕ್ಕೆ ಏರಿಸಿದರೆ 2,880 ಅಡ್ಡ 2,160, ಅಂದರೆ 62,20,800 ಚುಕ್ಕೆಗಳು, ಸರಿಯಾಗಿ ಹದಿನೈದು ಪಟ್ಟು. ಪ್ರತಿ ಹದಿನೈದು ಚುಕ್ಕೆಯಲ್ಲಿ ಹದಿನಾಲ್ಕನ್ನು ಯಂತ್ರವೇ ಹುಟ್ಟಿಸಬೇಕು. ಅಜ್ಜಿಯ ಹಲ್ಲು ಬಂದದ್ದು ಆ ಹದಿನಾಲ್ಕರಿಂದ. ಭಾವ ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, “ಹಾಗಾದ್ರೆ ತೋರಣ ಬೇಕಾದ್ರೆ ಹುಟ್ಟಿಸ್ಲಿ, ಮುಖ ಬೇಡ” ಎಂದರು. ತೋರಣವೂ ಬೇಡ ಎಂಬುದು ನನ್ನ ಮನಸ್ಸು. ಆದರೂ ಈಗಿನ ಟಿವಿಯಲ್ಲಿ ಹಿತವಾಗಿ ಕಾಣಲೆಂದು, ಕಲಿತ ಯಂತ್ರದ ಗೊಡವೆಯಿಲ್ಲದೆ ಅಕ್ಕಪಕ್ಕದ ಚುಕ್ಕೆಗಳ ಲೆಕ್ಕದಿಂದಷ್ಟೇ ಹಿಗ್ಗಿಸಿದ 1,440 ಅಡ್ಡ 1,080ರ ಒಂದು ಪ್ರತಿಯನ್ನು ಅಕ್ಕನಿಗೆ ಮಾಡಿಕೊಟ್ಟೆವು. ಅದರಲ್ಲಿ ಮಸುಕು ಮಸುಕಾಗಿಯೇ ಇದೆ, ಅಜ್ಜಿಯ ಬಾಯಲ್ಲಿ ಎರಡು ಹಲ್ಲಿನ ಜಾಗ ಕಪ್ಪಾಗಿಯೇ ಇದೆ.

ಉಳಿದದ್ದು ಸುಕ್ಕಾದ ಜಾಗ. ವಿಎಚ್‌ಎಸ್ ಟೇಪಿನಲ್ಲಿ ಸದ್ದಿನ ಪಟ್ಟಿ ಒಂದು ಅಂಚಿನಲ್ಲಿರುತ್ತದೆ, ಮಡಚಿಕೊಂಡದ್ದೂ ಅದೇ ಅಂಚು. ಎಷ್ಟು ಜತನದಿಂದ ಬಿಡಿಸಿ ನುಡಿಸಿದರೂ ಹಾಡಿನ ನಡುವೆ ನಾಲ್ಕು ಸೆಕೆಂಡು ಏನೂ ಕೇಳಿಸದು. ಅಕ್ಕನ ಮಗ ಒಂದು ಉಪಾಯ ಹೇಳಿದ. “ಮಾವ, ಅದೇ ಸಾಲು ಆಡಿಯೊ ಕ್ಯಾಸೆಟ್ಟಲ್ಲಿ ಇದೆಯಲ್ಲ, ಅಲ್ಲಿಂದ ತಂದು ಕೂರಿಸೋಣ. ಅಜ್ಜಿದೇ ದನಿ, ಯಂತ್ರ ಮಾಡಿದ್ದೇನಲ್ಲ.” ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ. ಅವನು ಒಂದು ಸಲ ಕೂರಿಸಿಯೂ ತೋರಿಸಿದ, ತುಂಬ ಚೆನ್ನಾಗಿಯೇ ಹೊಂದಿತ್ತು, ಗೊತ್ತಿಲ್ಲದವರಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ 1988ರಲ್ಲಿ ಜಗುಲಿಯಲ್ಲಿ ಮಳೆ ನೋಡುತ್ತ ಹೇಳಿದ ಸಾಲು ಬೇರೆ, ಏಳು ವರ್ಷದ ಮೇಲೆ ಮೊಮ್ಮಗಳನ್ನು ಕಳಿಸಿಕೊಡುವ ದಿನ ಗಂಟಲು ಕಟ್ಟಿಕೊಂಡು ಹೇಳಿದ ಸಾಲು ಬೇರೆ. ಹಾಡಿನ ಮುಂದಿನ ಸಾಲಿನಲ್ಲಿ ಅವರ ದನಿ ಒಡೆದಿರುವುದು ಕೇಳಿಸುತ್ತದೆ, ಆ ನಾಲ್ಕು ಸೆಕೆಂಡಿನಲ್ಲಿ ಏನಾಗಿತ್ತೋ ಯಾರು ಬಲ್ಲರು? ಹುಡುಗನಿಗೆ ಹೀಗೆ ಹೇಳಿದಾಗ ಅವನು ಮತ್ತೆ ಒತ್ತಾಯಿಸಲಿಲ್ಲ, ತಾನೇ ಕೂತು ಅದನ್ನು ತೆಗೆದ.

ಈಗ ಮನೆಯಲ್ಲಿ ಎರಡು ಹಾರ್ಡ್ ಡಿಸ್ಕುಗಳಿವೆ, ಒಂದು ನನ್ನ ಬಳಿ, ಒಂದು ಬೆಂಗಳೂರಿನಲ್ಲಿ ಅವನ ಬಳಿ. ಮೂಲ ಕ್ಯಾಸೆಟ್ಟುಗಳನ್ನು ಒಲೆಯ ಅಟ್ಟಕ್ಕೂ ಗೋಡೆ ಬೀರುವಿಗೂ ಸೇರಿಸದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ನನ್ನ ಓದುವ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಕೊನೆಯ ಸಾಲು ಹೀಗಿದೆ: ‘ಹಸೆ ಹಾಡಿನಲ್ಲಿ ನಾಲ್ಕು ಸೆಕೆಂಡು ದನಿ ಇಲ್ಲ, ಟೇಪು ಸುಕ್ಕಾಗಿದೆ, ಏನನ್ನೂ ತುಂಬಿಲ್ಲ.’